ಕೆಟ್ಟ ಟ್ರಾನ್ಸಿಸ್ಟರ್, ಹಳೆಯ ವಾಲ್ವ್, ಹೊಸ ಕಿಟ್: ರೇಡಿಯೊ ಹವ್ಯಾಸಕ್ಕೆ ಯಾವುದರಿಂದ ಕೈಹಾಕಬೇಕು?

ಕೊಪ್ಪಳದಲ್ಲಿರುವ ನನ್ನ ಅಕ್ಕನ ಮಗ ಹೋದ ಬೇಸಿಗೆಯಲ್ಲಿ ಬಳ್ಳಾರಿಗೆ ಬಂದಿದ್ದ. ಮಹಡಿಯ ಮೇಲೆ ನಾನು ರೇಡಿಯೊ ಬಿಚ್ಚಿಕೊಂಡು ಕೂರುವ ಮೂಲೆಯಲ್ಲಿ ಎರಡು ದಿನ ಸುಮ್ಮನೆ ಕುಳಿತು ನೋಡಿದ. ಮೂರನೆಯ ದಿನ, “ಮಾಮ, ನಾನೂ ಇದನ್ನು ಕಲಿಯಬೇಕು. ಯಾವುದರಿಂದ ಶುರು ಮಾಡಲಿ?” ಎಂದ. ಅವನ ಮೊಬೈಲ್‌ನಲ್ಲಿ ಆಗಲೇ ನಾಲ್ಕು ಪುಟ ತೆರೆದಿದ್ದವು. ಒಂದರಲ್ಲಿ ಎಫ್‌ಎಂ ಕಿಟ್, ಇನ್ನೊಂದರಲ್ಲಿ ಯಾರೋ ಮಾರಲಿಟ್ಟ, ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಕೊಳವೆಗಳ ವಾಲ್ವ್ ರೇಡಿಯೊ, ಮತ್ತೊಂದರಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಸಾಫ್ಟ್‌ವೇರಿನಿಂದ ನಡೆಸುವ ರೇಡಿಯೊ, ಎಂದರೆ ಎಸ್‌ಡಿಆರ್, ಕೊನೆಯದರಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆಯ ಪಾಠ. ಆವತ್ತು ನಾನು ಕೊಟ್ಟ ಉತ್ತರ ಅರ್ಧಂಬರ್ಧ. ಪೂರ್ತಿ ಉತ್ತರ ಇಲ್ಲಿದೆ.

ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಮೊದಲು ಹಿಡಿಯಬೇಕಾದದ್ದು ಸೆಲ್ ಹಾಕುವ, ಕೆಟ್ಟು ಮೂಲೆಗೆ ಬಿದ್ದಿರುವ, ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್ ರೇಡಿಯೊ. ಹೊಸ ಕಿಟ್ ಅಲ್ಲ, ತಾತನ ಕಾಲದ ವಾಲ್ವ್ ಸೆಟ್ಟಂತೂ ಅಲ್ಲವೇ ಅಲ್ಲ.

ಹಾಡು ಕೇಳುವುದಷ್ಟೇ ಬೇಕಾದರೆ ಮೊಬೈಲ್ ಇದೆ. ಆದರೆ ಮೊಬೈಲಿನ ಬೆನ್ನು ತೆಗೆದರೆ ಕಪ್ಪು ಚೌಕಗಳಷ್ಟೇ ಕಾಣುತ್ತವೆ, ಯಾವುದು ಏನು ಮಾಡುತ್ತದೆ ಎಂದು ಬಾಯಿ ಬಿಡುವುದಿಲ್ಲ. ಹಳೆಯ ರೇಡಿಯೊ ಹಾಗಲ್ಲ. ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಸ್ಕ್ರೂ ಡ್ರೈವರಿನ ತುದಿ ಮುಟ್ಟಿಸಿದರೆ ಸ್ಪೀಕರ್ ‘ಗುರ್’ ಎನ್ನುತ್ತದೆ. ಎಂದರೆ ಅಲ್ಲಿಂದ ಮುಂದಿನದ್ದೆಲ್ಲ ಸರಿಯಿದೆ, ತೊಂದರೆ ಹಿಂದೆ ಇದೆ ಎಂದು ಯಂತ್ರವೇ ಹೇಳಿದ ಹಾಗೆ. ಕೈ ಕೇಳಿದ ಪ್ರಶ್ನೆಗೆ ಕಿವಿಗೆ ಉತ್ತರ ಸಿಗುವ ಈ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಯಾವ ದಾರಿಯಲ್ಲಿ ಈ ರುಚಿ ಬೇಗ ಸಿಗುತ್ತದೆ, ಯಾವುದರಲ್ಲಿ ಕೈ ಸುಟ್ಟುಕೊಳ್ಳುವ ಅಪಾಯ ಕಡಿಮೆ ಎಂಬ ಎರಡೇ ತೂಕದಲ್ಲಿ ನಾನು ಇವನ್ನೆಲ್ಲ ತೂಗುತ್ತಿದ್ದೇನೆ.

ಬಿಸಿಲು, ಧೂಳು, ದೂರ

ಬೆಂಗಳೂರಿನಲ್ಲಿ ಕುಳಿತು ಬರೆದ ಸಲಹೆ ನಮ್ಮ ಊರಿಗೆ ಪೂರ್ತಿ ಒಗ್ಗುವುದಿಲ್ಲ. ಮೊದಲನೆಯದು ಬಿಸಿಲು. ಹಳೆಯ ಸೆಟ್ಟುಗಳಲ್ಲಿರುವ ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಕರೆಂಟಿನ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೆಳಗ್ಗೆ ಚೆನ್ನಾಗಿ ಹಾಡಿದ ಸೆಟ್ಟು ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಗಂಟಲು ಕಟ್ಟಿದವರಂತೆ ಮಾತನಾಡಿದರೆ ದೋಷ ಕೇಂದ್ರದ್ದಲ್ಲ, ಬಿಸಿಲಿನದ್ದು. ಸಂಜೆ ಅದೇ ಸರಿಹೋಗುತ್ತದೆ. ಹೊಸಬರು ಇದನ್ನು ಅರಿಯದೆ ಇಡೀ ಮಧ್ಯಾಹ್ನ ಇಲ್ಲದ ದೋಷವನ್ನು ಹುಡುಕುತ್ತಾರೆ. ನಾನೂ ಹುಡುಕಿದ್ದೇನೆ.

ಎರಡನೆಯದು ಧೂಳು. ಸಂಡೂರು, ಹೊಸಪೇಟೆ, ತೋರಣಗಲ್ಲಿನ ದಾರಿಯಲ್ಲಿ ಓಡಾಡಿದವರಿಗೆ ಅದಿರಿನ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಅದು ಕೇಂದ್ರ ಬದಲಿಸಲು ತಿರುಗುವ ಗ್ಯಾಂಗ್ ಕಂಡೆನ್ಸರಿನ ಎಲೆಗಳ ನಡುವೆ ಕೂರುತ್ತದೆ, ವಾಲ್ಯೂಮ್ ಕಂಟ್ರೋಲಿನ ಕಾರ್ಬನ್ ಪಟ್ಟಿಯ ಮೇಲೆ ಕೂರುತ್ತದೆ, ಸ್ಪೀಕರಿನ ಸುರುಳಿ ಆಡುವ ಕೂದಲೆಳೆಯಷ್ಟು ಸಂದಿಗೂ ಇಳಿಯುತ್ತದೆ. ಮೊದಲ ಎರಡನ್ನು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆಯಬಹುದು. ಮೂರನೆಯದಕ್ಕೆ ಸ್ಪೀಕರ್ ಬದಲಿಸುವುದೇ ಮದ್ದು.

ಮೂರನೆಯದು ದೂರ ಮತ್ತು ಗದ್ದಲ. ಹೊಸಪೇಟೆ, ಬಳ್ಳಾರಿ, ರಾಯಚೂರಿನ ಆಕಾಶವಾಣಿ ಕೇಂದ್ರಗಳನ್ನು ಎಫ್‌ಎಂನಲ್ಲಿ ಕೇಳಬಹುದು. ಆದರೆ ಹಳೆಯ ಸೆಟ್ಟುಗಳಿಗೆ ಬೇಕಾದದ್ದು ಮೀಡಿಯಂ ವೇವ್, ಎಂದರೆ ಎಫ್‌ಎಂಗಿಂತ ಹಳೆಯ ಪ್ರಸಾರದ ಬ್ಯಾಂಡ್. ನಮ್ಮ ಪಾಲಿಗೆ ಅದೆಂದರೆ 765 ಕಿಲೋಹರ್ಟ್ಜ್‌ನ ಧಾರವಾಡ. 1950ರಲ್ಲಿ ಶುರುವಾದ ಕೇಂದ್ರ ಅದು. ಕತ್ತಲಾದ ಮೇಲೆ ಬೆಂಗಳೂರಿನ 612, ಹೈದರಾಬಾದಿನ 738, ಶ್ರೀಲಂಕಾದ ಪುತ್ತಳಂನಿಂದ ಬರುವ 882 ಡಯಲ್ ತುಂಬ ಎದ್ದು ನಿಲ್ಲುತ್ತಿದ್ದವು. ಈಗ ಮೀಡಿಯಂ ವೇವ್ ಕೇಂದ್ರಗಳು ಒಂದೊಂದಾಗಿ ಮೌನವಾಗುತ್ತಿವೆ, ಉಳಿದವುಗಳ ಮೇಲೆ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರುಗಳ ಕರಕರ ಹರಡಿಕೊಂಡಿದೆ. ಓಣಿಗೆಲ್ಲ ಕರೆಂಟ್ ಹೋದ ರಾತ್ರಿ ಒಮ್ಮೆ ಮೀಡಿಯಂ ವೇವ್ ಹಚ್ಚಿ ನೋಡಿ. ಆ ಹೊತ್ತಿನಲ್ಲಿ ಡಯಲ್ ಕನ್ನಡಿಯಷ್ಟು ಸ್ವಚ್ಛ. ಲೋಡ್ ಶೆಡ್ಡಿಂಗನ್ನು ಹಾರೈಸುವವನು ನಮ್ಮ ಓಣಿಯಲ್ಲಿ ನಾನೊಬ್ಬನೇ ಇರಬೇಕು.

ಕೆಟ್ಟ ಟ್ರಾನ್ಸಿಸ್ಟರ್: ನನ್ನ ಮತ ಇದಕ್ಕೇ

ಆರು ವೋಲ್ಟಿನ, ನಾಲ್ಕು ಸೆಲ್ಲಿನ ಸೆಟ್ಟಿನಲ್ಲಿ ಶಾಕ್ ಹೊಡೆಯುವ ಭಯವಿಲ್ಲ. ಮನೆಯವರು ಬಯ್ಯುವುದಿಲ್ಲ. ತಪ್ಪಾದರೆ ಒಂದು ಟ್ರಾನ್ಸಿಸ್ಟರ್ ಹೋಗುತ್ತದೆ, ಅಷ್ಟೇ. ಫಿಲಿಪ್ಸ್, ಮರ್ಫಿ, ಬುಷ್, ನೆಲ್ಕೋ, ಯಾವುದಾದರೂ ಆಗಬಹುದು. ಒಳಗೆ ‘ಬಿಇಎಲ್’ ಎಂದು ಬರೆದ ಟ್ರಾನ್ಸಿಸ್ಟರ್ ಕಂಡರೆ ಅದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನದ್ದು. ಸ್ಪೀಕರನ್ನು ನಡೆಸುವ, ಅರ್ಧ ಶತಮಾನದ ಹಿಂದಿನ ಎಸಿ128 ಟ್ರಾನ್ಸಿಸ್ಟರ್ ಜೋಡಿ ಇಂದಿಗೂ ಜೀವಂತ ಸಿಗುತ್ತದೆ.

ಬೇಕಾಗುವ ಸಾಮಾನು ಕಡಿಮೆ. 25 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ತಂತಿ, ಒಂದು ಮಲ್ಟಿಮೀಟರ್, ಸಣ್ಣ ಸ್ಕ್ರೂ ಡ್ರೈವರುಗಳು, ಒಂದು ಬಿದಿರಿನ ಕಡ್ಡಿ. ಕಡ್ಡಿ ಯಾಕೆಂದು ಆಮೇಲೆ ಹೇಳುತ್ತೇನೆ.

ಸೆಟ್ಟು ಬಿಚ್ಚಿದೊಡನೆ ಬೆಸುಗೆಗೆ ಕೈ ಹಾಕಬೇಡಿ. ಮೊದಲು ಸೆಲ್ಲಿನ ಮನೆ ನೋಡಿ. ಸೆಲ್ ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದಿದ್ದರೆ ಎಮರಿ ಕಾಗದದಲ್ಲಿ ಉಜ್ಜಿ ಸ್ಪಿರಿಟ್ಟಿನಿಂದ ಒರೆಸಿ. ಆಮೇಲೆ ಮಲ್ಟಿಮೀಟರನ್ನು ಸೆಲ್ಲಿನ ದಾರಿಯಲ್ಲಿ ಸೇರಿಸಿ, ವಾಲ್ಯೂಮ್ ಪೂರ್ತಿ ಇಳಿಸಿ, ಸೆಟ್ಟು ಎಷ್ಟು ಕರೆಂಟ್ ಕುಡಿಯುತ್ತದೆ ನೋಡಿ. ಹತ್ತು ಹದಿನೈದು ಮಿಲಿಆಂಪಿಯರ್ ಇದ್ದರೆ ಸರಿ. ನೂರರ ಆಚೆ ಹಾರಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ದೊಡ್ಡ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಕೈಕೊಟ್ಟಿದೆ. ಏನೂ ಇಲ್ಲದಿದ್ದರೆ ಸ್ವಿಚ್ಚು, ತಂತಿ, ಸ್ಪ್ರಿಂಗ್. ಡಾಕ್ಟರು ನಾಡಿ ಹಿಡಿದಂತೆ ಈ ಒಂದು ಅಂಕಿಯಿಂದ ಅರ್ಧ ರೋಗ ಗೊತ್ತಾಗುತ್ತದೆ.

ಆಮೇಲೆ ವಾಲ್ಯೂಮ್ ಕಂಟ್ರೋಲಿನ ಆ ‘ಗುರ್’ ಪರೀಕ್ಷೆ. ಅದೂ ಸರಿ, ಆದರೂ ಕೇಂದ್ರ ಬರುತ್ತಿಲ್ಲ ಎಂದಾದರೆ ನನಗೆ ಬಹಳ ಇಷ್ಟವಾದ ಪರೀಕ್ಷೆ ಬರುತ್ತದೆ. ಈ ಸೆಟ್ಟುಗಳೆಲ್ಲ ಸೂಪರ್‌ಹೆಟ್, ಎಂದರೆ ಹೊರಗಿನಿಂದ ಬಂದ ಅಲೆಯನ್ನು ಒಳಗೆ ಹುಟ್ಟಿಸಿದ ಇನ್ನೊಂದು ಅಲೆಯೊಂದಿಗೆ ಬೆರೆಸುವ ಮಾದರಿ. ನೀವು ಧಾರವಾಡದ 765ಕ್ಕೆ ಮುಳ್ಳು ತಂದರೆ ಒಳಗಿನ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಅದಕ್ಕಿಂತ 455 ಹೆಚ್ಚು, ಎಂದರೆ 1220 ಕಿಲೋಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಎರಡರ ನಡುವಿನ ಆ 455 ಮಾತ್ರ ಮುಂದಿನ ಐಎಫ್ ಡಬ್ಬಿಗಳ, ಎಂದರೆ ಒಳಗೆ ಸುರುಳಿ ಇರುವ ಸಣ್ಣ ತಗಡಿನ ಡಬ್ಬಿಗಳ ಮೂಲಕ ಸಾಗುತ್ತದೆ. ಆಸಿಲೇಟರ್ ಸತ್ತಿದೆಯೋ ಬದುಕಿದೆಯೋ ತಿಳಿಯಲು ಯಾವ ದುಬಾರಿ ಯಂತ್ರವೂ ಬೇಡ, ಸರಿಯಾಗಿರುವ ಇನ್ನೊಂದು ರೇಡಿಯೊ ಸಾಕು. ಅದನ್ನು ಪಕ್ಕದಲ್ಲಿಟ್ಟು 1000ದ ಆಚೆಗಿನ ಯಾವುದಾದರೂ ಕೇಂದ್ರಕ್ಕೆ ನಿಲ್ಲಿಸಿ. ನಾನು ಮೊದಲ ಸಲ ಮಾಡಿದಾಗ ರಾತ್ರಿ 1107ರಲ್ಲಿ ಕಲಬುರಗಿ ಹಿಡಿದಿತ್ತು. ಕೆಟ್ಟ ಸೆಟ್ಟಿನ ಡಯಲನ್ನು ಮೆಲ್ಲಗೆ ತಿರುಗಿಸುತ್ತ ಹೋದೆ. ಮುಳ್ಳು 650ರ ಆಸುಪಾಸಿಗೆ ಬಂದಾಗ ಒಳ್ಳೆಯ ರೇಡಿಯೊದಿಂದ ‘ಕುಂಯ್’ ಎಂಬ ಸಿಳ್ಳೆ ಎದ್ದು, ಇಳಿದು, ಮತ್ತೆ ಏರಿ ಮಾಯವಾಯಿತು. 1107ರಲ್ಲಿ 455 ಕಳೆದರೆ 652. ಮೂಕ ಎಂದುಕೊಂಡಿದ್ದ ಸೆಟ್ಟು ಪಕ್ಕದವನ ಬಾಯಲ್ಲಿ ತಾನು ಬದುಕಿದ್ದೇನೆ ಎಂದು ಹೇಳಿಸಿತ್ತು. ಲೆಕ್ಕ ಕಿವಿಗೆ ಕೇಳಿಸಿದ್ದು ನನಗೆ ಅದೇ ಮೊದಲು. ಅವತ್ತು ರಾತ್ರಿ ಊಟ ಆರಿಹೋಯಿತು.

ಆಸಿಲೇಟರ್ ಬದುಕಿದ್ದರೂ ಕೇಂದ್ರ ಬರದಿದ್ದರೆ, 1960ರ ದಶಕದ ಸೆಟ್ಟುಗಳಲ್ಲಿ ಎಎಫ್115ರ ಜಾತಿಯ ಟ್ರಾನ್ಸಿಸ್ಟರುಗಳನ್ನು ಅನುಮಾನಿಸಿ. ಇವಕ್ಕೆ ಮೂರರ ಬದಲು ನಾಲ್ಕು ಕಾಲು. ನಾಲ್ಕನೆಯದು ಹೊರಗಿನ ತಗಡಿನ ಟೊಪ್ಪಿಗೆಗೆ ಸೇರಿದ್ದು. ವರ್ಷಗಳು ಕಳೆದಂತೆ ಟೊಪ್ಪಿಗೆಯ ಒಳಮೈಯ ತವರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಮೀಸೆಗಳು ಬೆಳೆದು ಒಳಗಿನ ಕಾಲಿಗೆ ತಾಗಿ ಶಾರ್ಟ್ ಮಾಡುತ್ತವೆ. ಬಳಸದೆ ಕಪಾಟಿನಲ್ಲಿಟ್ಟ ಹೊಸ ಟ್ರಾನ್ಸಿಸ್ಟರಿನಲ್ಲೂ ಬೆಳೆಯುತ್ತವೆ! ಅದೃಷ್ಟ ಚೆನ್ನಾಗಿದ್ದು ಮೀಸೆ ಒಂದೇ ಕಾಲಿಗೆ ತಾಗಿದ್ದರೆ, ಆ ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಸೆಟ್ಟು ಹಾಡತೊಡಗುತ್ತದೆ. ಕೂಡಿಸಿ ಅಲ್ಲ, ಕತ್ತರಿಸಿ ರಿಪೇರಿ ಮಾಡುವುದನ್ನು ನೋಡಿ ಅಕ್ಕನ ಮಗ ನಕ್ಕಿದ್ದೇ ನಕ್ಕಿದ್ದು.

ಇನ್ನು ಬಿದಿರಿನ ಕಡ್ಡಿ. ಐಎಫ್ ಡಬ್ಬಿಗಳ ತಲೆಯ ಮೇಲೆ ಹಳದಿ, ಬಿಳಿ, ಕಪ್ಪು ಬಣ್ಣದ ತಿರುಪುಗಳಿರುತ್ತವೆ. ನೋಡಿದವರಿಗೆಲ್ಲ ತಿರುಗಿಸುವ ಆಸೆ. ನನ್ನ ಮೊದಲ ಸೆಟ್ಟಿನಲ್ಲಿ ನಾನು ಎಲ್ಲವನ್ನೂ ತಿರುಗಿಸಿದೆ, ಉಕ್ಕಿನ ಸ್ಕ್ರೂ ಡ್ರೈವರಿನಿಂದ. ಒಂದು ತಿರುಪು ಒಳಗೇ ಸೀಳಿತು. ಒಂದು ವಾರ ಒದ್ದಾಡಿದ ಮೇಲೆ ಸೆಲ್ಲಿನ ಸ್ಪ್ರಿಂಗ್ ತುಕ್ಕು ಹಿಡಿದದ್ದೇ ಮೂಲ ದೋಷ ಎಂದು ಗೊತ್ತಾಯಿತು. ಎರಡು ನಿಮಿಷದ ಕೆಲಸ. ಆದ್ದರಿಂದ ತಿರುಪುಗಳಿಗೆ ಕೊನೆಯ ಸರದಿ, ಅದೂ ತುದಿ ಚಪ್ಪಟೆ ಮಾಡಿದ ಬಿದಿರಿನ ಕಡ್ಡಿಯಿಂದ, ಅದೂ ಮೊದಲಿದ್ದ ಜಾಗಕ್ಕೆ ಪೆನ್ಸಿಲಿನ ಗುರುತು ಮಾಡಿದ ಮೇಲೆ.

ಡಯಲ್ ದಾರದ ಬಗ್ಗೆ ಒಂದೇ ಮಾತು. ಅದು ತುಂಡಾಗುವ ಮೊದಲೇ ಅದರ ಸುತ್ತಿನ ಫೋಟೊ ತೆಗೆದಿಟ್ಟುಕೊಳ್ಳಿ. ತುಂಡಾದ ಮೇಲೆ ತಲೆಕೆಡಿಸಿಕೊಂಡು ಇಡೀ ಭಾನುವಾರ ಕಳೆದವರು ಬಹಳ ಜನ.

ವಾಲ್ವ್ ಸೆಟ್ಟು: ಚೆಂದವೂ ಹೌದು, ಅಪಾಯವೂ ಹೌದು

ಮರದ ಪೆಟ್ಟಿಗೆ, ಹೊತ್ತಿಕೊಳ್ಳಲು ತೆಗೆದುಕೊಳ್ಳುವ ಆ ಅರ್ಧ ನಿಮಿಷ, ಕೇಂದ್ರ ಸಿಕ್ಕಾಗ ಮುಚ್ಚಿಕೊಳ್ಳುವ ಹಸಿರು ಬೆಳಕಿನ ಮ್ಯಾಜಿಕ್ ಐ ಸೂಚಕ, ಕಾದ ಧೂಳಿನ ವಾಸನೆ. ಟ್ರಾನ್ಸಿಸ್ಟರು ಈ ಸೊಗಸನ್ನು ಕೊಡುವುದಿಲ್ಲ, ಒಪ್ಪುತ್ತೇನೆ. ಕೆಲವರ ಮನೆಯಲ್ಲಿ ಸೆಟ್ಟಿನ ಜೊತೆಗೆ ಅಂಚೆ ಕಚೇರಿಯಲ್ಲಿ ವರ್ಷಾವರ್ಷ ಹಣ ಕಟ್ಟುತ್ತಿದ್ದ ಲೈಸೆನ್ಸ್ ಪುಸ್ತಕವೂ ಇನ್ನೂ ಇದೆ.

ಆದರೆ ಒಳಗೆ 250 ವೋಲ್ಟಿನ ಆಸುಪಾಸು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. ಅದಕ್ಕಿಂತ ಕೆಟ್ಟದ್ದು ಎಸಿ/ಡಿಸಿ ಎಂದು ಬರೆದ ಸೆಟ್ಟುಗಳು. ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85, ಹೀಗೆ ‘ಯು’ದಿಂದ ಶುರುವಾಗುವ ವಾಲ್ವ್ ಕಂಡರೆ ಹುಷಾರು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ. ವಾಲ್ವುಗಳ ಹೀಟರುಗಳನ್ನೆಲ್ಲ ದೀಪಾವಳಿಯ ಸರದಂತೆ ಒಂದರ ಹಿಂದೊಂದು ಪೋಣಿಸಿ, ಕರೆಂಟಿನ ಒಂದು ತಂತಿಯನ್ನು ನೇರವಾಗಿ ಚಾಸಿಗೆ, ಎಂದರೆ ಒಳಗಿನ ಲೋಹದ ಚೌಕಟ್ಟಿಗೆ ಕಟ್ಟಿರುತ್ತಾರೆ. ಎರಡು ಪಿನ್ನಿನ ಪ್ಲಗ್ ತಿರುಗುಮುರುಗಾಗಿ ಹಾಕಿದರೆ ಚಾಸಿಗೇ ಫೇಸ್ ಬರುತ್ತದೆ. ವಾಲ್ಯೂಮಿನ ನಾಬ್ ಕಳೆದುಹೋಗಿ ಬರೀ ಲೋಹದ ಕಡ್ಡಿ ಉಳಿದಿದ್ದರೆ, ವಾಲ್ಯೂಮ್ ಏರಿಸಲು ಹೋದವರಿಗೆ ಶಾಕ್ ಖಚಿತ. ‘ಇ’ಯಿಂದ ಶುರುವಾಗುವ ಇಸಿಎಚ್81, ಇಬಿಎಫ್89, ಇಸಿಎಲ್82 ಇರುವ, ಟ್ರಾನ್ಸ್‌ಫಾರ್ಮರ್ ಹಾಕಿದ ಸೆಟ್ಟನ್ನೇ ಆರಿಸಿ.

ಆರಿಸಿದ ಮೇಲೂ ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಹಳೆಯ ರಿಪೇರಿ ಅಂಗಡಿಗಳಲ್ಲಿ ಹಲಗೆಯ ಮೇಲೆ ಒಂದು ಸೀರೀಸ್ ಬಲ್ಬ್ ಇರುವುದನ್ನು ನೋಡಿರುತ್ತೀರಿ. ಸೆಟ್ಟಿಗೆ ಹೋಗುವ ಕರೆಂಟ್ ಆ ಬಲ್ಬಿನ ಮೂಲಕವೇ ಹಾಯಬೇಕು. 60 ವ್ಯಾಟಿನ ಹಳೆಯ ಮಾದರಿಯ ಬಲ್ಬ್ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ವಾಲ್ವ್ ಬದಲಿಸುವ ಮುಂಚೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ (ಸದ್ದು ಒಳಹೋಗುವ ಕಾಲಿಗೆ) ಹೋಗುವ ಕಪ್ಲಿಂಗ್ ಕಂಡೆನ್ಸರನ್ನು ಬದಲಿಸಿ. ಮೇಣದ ಕಾಗದದ ಆ ಕಂಡೆನ್ಸರ್ ಸೋರಿದರೆ ವಾಲ್ವು ಮಿತಿಮೀರಿ ಕರೆಂಟ್ ಎಳೆದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ. ಹತ್ತು ಇಪ್ಪತ್ತು ರೂಪಾಯಿಯ ವಸ್ತು ಸಾವಿರದ ನಷ್ಟಕ್ಕೆ ದಾರಿ. ನಮ್ಮ ಮೂರೂ ಜಿಲ್ಲೆಯಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವರು ಗಲ್ಲಿಗೊಬ್ಬರಿದ್ದಾರೆ, ನಿಜ. ಆದರೆ ರೇಡಿಯೊ ಟ್ರಾನ್ಸ್‌ಫಾರ್ಮರಿನ ಕೂದಲಿನಂಥ ತಂತಿ ತೋರಿಸಿದರೆ ನಾನು ಕೇಳಿದವರಲ್ಲಿ ಮೂವರು ಕೈಮುಗಿದು ಕಳುಹಿಸಿದರು.

ವಾಲ್ವ್ ಸೆಟ್ಟಿನಲ್ಲಿ ಆ ‘ಗುರ್’ ಪರೀಕ್ಷೆಯನ್ನು ಬೆರಳಿನಿಂದಾಗಲಿ, ಬರೀ ಲೋಹದ ಸ್ಕ್ರೂ ಡ್ರೈವರಿನಿಂದಾಗಲಿ ಮಾಡಬಾರದು. ಎರಡು ಮೂರು ಟ್ರಾನ್ಸಿಸ್ಟರ್ ಸೆಟ್ಟು ಹಾಡಿಸಿದ ಮೇಲೆ, ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದಕ್ಕೆ ಬನ್ನಿ.

ಕಿಟ್ ಮತ್ತು ಕ್ರಿಸ್ಟಲ್

ಅಕ್ಕನ ಮಗ ನನ್ನ ಮಾತು ಕೇಳದೆ ಎಫ್‌ಎಂ ಕಿಟ್ ತರಿಸಿದ. ಒಂದು ಐಸಿ ಚಿಪ್ಪು, ಹತ್ತಿಪ್ಪತ್ತು ಬಿಡಿ ಸಾಮಾನು, ಬೋರ್ಡಿನ ಮೇಲೆ ಯಾವುದು ಎಲ್ಲಿ ಎಂದು ಅಚ್ಚಾಗಿದೆ. ಸಂಜೆ ನಾಲ್ಕಕ್ಕೆ ಕೂತವನು ಏಳಕ್ಕೆ ಹಾಡು ಕೇಳಿಸಿದ. ಎಂಟಕ್ಕೆ ಫೋನು ಮಾಡಿ, “ಮಾಮ, ಮುಗಿಯಿತು. ಈಗೇನು ಮಾಡಲಿ?” ಎಂದ. ಕಿಟ್ಟಿನ ಗುಣವೂ ಅದೇ, ಕೊರತೆಯೂ ಅದೇ. ಬೆಸುಗೆ ಹಾಕುವ ಕೈ ಪಳಗುತ್ತದೆ, ಅದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮಾಡುವ ಕೆಲಸವನ್ನೆಲ್ಲ ಐಸಿ ತನ್ನ ಹೊಟ್ಟೆಯೊಳಗೆ ಮಾಡಿಕೊಳ್ಳುತ್ತದೆ. ಕಿಟ್ ಕೊಳ್ಳುವುದೇ ಆದರೆ ಬಿಡಿ ಟ್ರಾನ್ಸಿಸ್ಟರುಗಳಿಂದ ಕಟ್ಟುವ ಮೀಡಿಯಂ ವೇವ್ ಸೂಪರ್‌ಹೆಟ್ ಕಿಟ್ ಹುಡುಕಿ.

ಕ್ರಿಸ್ಟಲ್ ಸೆಟ್ಟಿಗೆ ಸೆಲ್ಲೂ ಬೇಡ, ಕರೆಂಟೂ ಬೇಡ. ಒಂದು ಸುರುಳಿ, ಒಂದು ಗ್ಯಾಂಗ್, ಒಎ79ರಂಥ ಜರ್ಮೇನಿಯಂ ಡಯೋಡ್, ಕ್ರಿಸ್ಟಲ್ ಇಯರ್‌ಫೋನ್. ಗಾಳಿಯಲ್ಲಿ ಬಂದ ಅಲೆಯ ಶಕ್ತಿಯಿಂದಲೇ ಕಿವಿಗೆ ಸದ್ದು. ಮಕ್ಕಳಿಗೆ ತೋರಿಸಲು ಇದರಷ್ಟು ಸೋಜಿಗದ್ದು ಇನ್ನೊಂದಿಲ್ಲ. ಆದರೆ ನಮ್ಮ ಊರುಗಳಿಗೆ ಪ್ರಬಲ ಮೀಡಿಯಂ ವೇವ್ ಪ್ರಸಾರ ಹತ್ತಿರದಲ್ಲಿಲ್ಲ. ಕೊಪ್ಪಳದವರು 30 ಮೀಟರ್ ಏರಿಯಲ್ ಎಳೆದರೆ ಧಾರವಾಡದ ಆಸೆ ಇಟ್ಟುಕೊಳ್ಳಬಹುದು, ಅದೂ ಪಿಸುಮಾತಿನಷ್ಟು. ರಾಯಚೂರಿನವರು ಅಷ್ಟೂ ನಿರೀಕ್ಷಿಸಬೇಡಿ. ಅರ್ಥಿಂಗ್ ವಿಷಯದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ರಾಯಚೂರಿನ ಎರೆ ಮಣ್ಣಿನಲ್ಲಿ ಒಂದು ಕಬ್ಬಿಣದ ಸಲಾಕೆ ಇಳಿಸಿ ಎರಡು ಕೊಡ ನೀರು ಹುಯ್ದರೆ ಚೆಂದದ ಅರ್ಥ್ ಸಿಗುತ್ತದೆ, ಕೊಪ್ಪಳದಲ್ಲಿ ಗೇಣುದ್ದ ಅಗೆದರೆ ಬಂಡೆ ಸಿಗುವ ಜಾಗಗಳೇ ಹೆಚ್ಚು. ಏಪ್ರಿಲ್, ಮೇನಲ್ಲಿ ಗುಡುಗು ಕೇಳಿದೊಡನೆ ಏರಿಯಲ್ ಕಿತ್ತಿಡಿ.

ಎಸ್‌ಡಿಆರ್, ಹ್ಯಾಮ್

ಟಿವಿ ನೋಡಲೆಂದು ಮಾಡಿದ ಆರ್‌ಟಿಎಲ್2832ಯು ಚಿಪ್ಪಿನ ಡಾಂಗಲ್ ರೇಡಿಯೊ ಆಗಬಲ್ಲದು ಎಂದು ಹವ್ಯಾಸಿಗಳಿಗೆ 2012ರ ಹೊತ್ತಿಗೆ ಗೊತ್ತಾಯಿತು. ಈಗ ಹಲವರು ಅಲ್ಲಿಂದಲೇ ಶುರು ಮಾಡುತ್ತಾರೆ. ಲ್ಯಾಪ್‌ಟಾಪ್ ಪರದೆಯ ಮೇಲೆ ಇಡೀ ಬ್ಯಾಂಡ್ ಬಣ್ಣದ ಜಲಪಾತವಾಗಿ ಇಳಿಯುವುದನ್ನು ನೋಡುವುದೇ ಒಂದು ಹಬ್ಬ. ನಾನು ಅದನ್ನು ಬಳಸುವುದು ಬೇರೆಯದೇ ಕೆಲಸಕ್ಕೆ, ಮನೆಯ ಯಾವ ಬಲ್ಬು ಗದ್ದಲ ಮಾಡುತ್ತಿದೆ ಎಂದು ಹಿಡಿಯಲಿಕ್ಕೆ. ಕಂಪ್ಯೂಟರ್ ಓದಿದ ಹುಡುಗರಿಗೆ ಇದು ಸರಿ. ಸ್ಕ್ರೂ ಡ್ರೈವರ್ ಹಿಡಿಯುವ ಆಸೆ ಇದ್ದವರಿಗೆ ಬಿಚ್ಚಲು ಇದರಲ್ಲಿ ಏನೂ ಇಲ್ಲ.

ಹ್ಯಾಮ್ ಬೇರೆಯದೇ ಹಾದಿ, ಅಲ್ಲಿ ಕೇಳುವುದಷ್ಟೇ ಅಲ್ಲ, ಮಾತನಾಡಲೂಬಹುದು. ಅದಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಇದರಲ್ಲಿ ಚೌಕಾಸಿಯಿಲ್ಲ. ಪಾಸಾದವರಿಗೆ ನನ್ನ ಸಲಹೆ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು 2003ರ ಸುಮಾರಿಗೆ ರೂಪಿಸಿದ ಬಿಟ್‌ಎಕ್ಸ್, ಕೇಳಲೂ ಮಾತನಾಡಲೂ ಬರುವ ಸೆಟ್ಟು. ಪೇಟೆಯಲ್ಲಿ ಸಿಗುವ ಸಾಮಾನಿನಿಂದಲೇ ಕಟ್ಟಲು ಬರಬೇಕು ಎಂದು ಅವರು ಸುರುಳಿಗಳನ್ನು ನಲ್ಲಿಯ ವಾಷರಿನ ಮೇಲೆ ಸುತ್ತಿ ತೋರಿಸಿದರು. ಇಂದು ಲೋಕದಾದ್ಯಂತ ಹವ್ಯಾಸಿಗಳು ಅದನ್ನು ಕಟ್ಟುತ್ತಾರೆ. 7 ಮೆಗಾಹರ್ಟ್ಜ್‌ಗೆ ಬೇಕಾದ ಡೈಪೋಲ್ ಏರಿಯಲ್ ಸುಮಾರು 20 ಮೀಟರ್ ಉದ್ದ. ಬಳ್ಳಾರಿಯ ಕೌಲ್ ಬಜಾರಿನ ಒತ್ತೊತ್ತಿನ ಮನೆಗಳಲ್ಲಿ ಅದನ್ನು ಎಳೆಯಬೇಕಾದರೆ ಪಕ್ಕದ ಮನೆಯವರೊಂದಿಗೆ ಸಂಬಂಧ ಚೆನ್ನಾಗಿರಬೇಕು.

ಬಿಡಿ ಸಾಮಾನು ಮತ್ತು ಗುಜರಿ ಅಂಗಡಿ

ಸಾಮಾನ್ಯ ಕಂಡೆನ್ಸರು, ರೆಸಿಸ್ಟರು ಊರಿನಲ್ಲೇ ಸಿಗುತ್ತವೆ. ಗ್ಯಾಂಗು, ಐಎಫ್ ಡಬ್ಬಿ, ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಊರು ಬಿಡಬೇಕು. ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು, ಅಂಗಡಿ ತೆರೆಯುವ ಹೊತ್ತಿಗೆ ಎಸ್.ಪಿ. ರಸ್ತೆ. ರಾಯಚೂರಿನವರಿಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಹತ್ತಿರ. ಎಲ್ಲಕ್ಕಿಂತ ಅಗ್ಗದ ದಾರಿ ಬಿಡಿ ಸಾಮಾನಿಗೆಂದೇ ಇನ್ನೊಂದು ಕೆಟ್ಟ ಸೆಟ್ಟು ಕೊಳ್ಳುವುದು.

ಗುಜರಿ ಅಂಗಡಿಯಲ್ಲಿ ಹೊರಮೈ ಹೊಳಪಿಗೆ ಮರುಳಾಗಬೇಡಿ. ಡಯಲ್ ತಿರುಗಿಸಿದಾಗ ಗ್ಯಾಂಗ್ ಸರಾಗ ತಿರುಗಬೇಕು. ಒಳಗಿನ ಕಪ್ಪು ಫೆರೈಟ್ ರಾಡ್ ಮುರಿದಿದ್ದರೆ ಅಂಟಿಸಬಹುದು, ಆದರೆ ಅದರ ಮೇಲಿನ ಸುರುಳಿಯ ತುದಿ ನೋಡಿ. ಕೂದಲಿಗಿಂತ ಸಣ್ಣ ಹಲವು ಎಳೆಗಳ ತಂತಿ ಅದು. ನಾಲ್ಕು ಎಳೆ ಬಿಟ್ಟುಹೋಗಿದ್ದರೂ ಸೆಟ್ಟಿನ ಕಿವಿ ಮಂದವಾಗುತ್ತದೆ. ಸ್ಪೀಕರಿನ ಕಾಗದವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ. ಒಳಗೆ ಕೆರೆದ ಸದ್ದು ಬಂದರೆ ಧೂಳು ಇಳಿದಿದೆ, ಬೆಲೆ ಇಳಿಸಲು ಅದೊಂದು ಮಾತು ಸಾಕು. ಇವೆಲ್ಲ ಸರಿಯಿದ್ದು ಸೆಟ್ಟು ಮೂಕವಾಗಿದ್ದರೆ ಅದೇ ನಿಮಗೆ ಬೇಕಾದ ಸೆಟ್ಟು.

ಹೋದ ವಾರ ಅಕ್ಕನ ಮಗ ಕೊಪ್ಪಳದ ಗುಜರಿ ಅಂಗಡಿಯೊಂದರಿಂದ ಫೋನು ಮಾಡಿದ.

“ಮಾಮ, ಎರಡು ಬ್ಯಾಂಡಿನದು. ಗ್ಯಾಂಗ್ ತಿರುಗುತ್ತದೆ, ಸುರುಳಿ ಸರಿಯಿದೆ, ಸೆಲ್ಲಿನ ಮನೆ ಮಾತ್ರ ಹಸಿರಾಗಿದೆ. ಇನ್ನೂರೈವತ್ತು ಕೇಳುತ್ತಿದ್ದಾರೆ.”

“ಸ್ಪೀಕರ್ ಒತ್ತಿ ನೋಡಿದೆಯಾ?”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಕೆರೆಯುತ್ತದೆ, ಮಾಮ.”

“ಹಾಗಾದರೆ ನೂರೈವತ್ತಕ್ಕೆ ಕೇಳು. ತಿರುಪು ಮಾತ್ರ ಮುಟ್ಟಬೇಡ.”